ಮಾರುವವರ ಕೈಲಿ ಟ್ರೋಫಿ

1998ರ ಜನವರಿಯಲ್ಲಿ ಅಮೆರಿಕದ ಕಾದಂಬರಿಕಾರ ಡೇವಿಡ್ ಫಾಸ್ಟರ್ ವಾಲೇಸ್ ಲಾಸ್ ವೇಗಸ್‌ಗೆ ಹೋದರು. ಸಾವಿರ ಪುಟ ಮೀರಿದ ‘ಇನ್‌ಫಿನಿಟ್ ಜೆಸ್ಟ್’ ಬರೆದು ಆಗಷ್ಟೇ ಹೆಸರು ಮಾಡಿದ್ದವರು ಅವರು. ‘ಪ್ರೀಮಿಯರ್’ ಎಂಬ ಸಿನಿಮಾ ಪತ್ರಿಕೆ ಅವರನ್ನು ಸೀಸರ್ಸ್ ಪ್ಯಾಲೇಸ್ ಹೋಟೆಲಿನ ಒಂದು ಪ್ರಶಸ್ತಿ ಸಮಾರಂಭಕ್ಕೆ ಕಳಿಸಿತ್ತು. ನಗಿಸುವ ನಿರೂಪಕ, ನಾಮನಿರ್ದೇಶಿತರ ಪಟ್ಟಿ, ಸೂಟುಬೂಟು, ನೆಲ ಮುಟ್ಟುವ ಗೌನು, ಟ್ರೋಫಿ ಕೈಗೆ ಬಂದೊಡನೆ ಧನ್ಯವಾದದ ಮಾತು ಎಲ್ಲವೂ ಅಲ್ಲಿದ್ದವು. ಆಸ್ಕರ್‌ಗೂ ಅದಕ್ಕೂ ಇದ್ದ ವ್ಯತ್ಯಾಸ ಒಂದೇ: ಅಲ್ಲಿ ಸ್ಪರ್ಧೆಗಿಳಿದಿದ್ದವು ನೀಲಿ ಚಿತ್ರಗಳು.

‘ಅಡಲ್ಟ್ ವಿಡಿಯೊ ನ್ಯೂಸ್’ ಪತ್ರಿಕೆ ಕೊಡುವ ಎವಿಎನ್ ಪ್ರಶಸ್ತಿಯ 15ನೇ ವರ್ಷ ಅದು. ವಾಲೇಸ್ ಬರೆದ ದೀರ್ಘ ಲೇಖನ ಅದೇ ಸೆಪ್ಟೆಂಬರ್‌ನಲ್ಲಿ ಅಚ್ಚಾಯಿತು. ಆದರೆ ಅವರ ಹೆಸರಿನಲ್ಲಲ್ಲ, ಎರಡು ಸುಳ್ಳು ಹೆಸರುಗಳಲ್ಲಿ. ನಿಜನಾಮದಲ್ಲಿ ಅದು ಪುಸ್ತಕದೊಳಗೆ ಸೇರಿದ್ದು 2005ರಲ್ಲಿ.

ಪ್ರಶಸ್ತಿ ಕೊಡುವವರು ರಾಜಾರೋಷವಾಗಿ ವೇದಿಕೆ ಕಟ್ಟಿದರೂ ಅದರ ಬಗ್ಗೆ ಬರೆಯುವವರು ಮುಖ ಮರೆಸಿಕೊಳ್ಳುವಂಥ ಕಾಲ ಅದು. ಆ ಮುಜುಗರ ತೊಡೆಯಲೆಂದೇ ಈ ಉದ್ಯಮ ಪ್ರಶಸ್ತಿಗಳನ್ನು ಹುಟ್ಟುಹಾಕಿತು ಎಂಬ ಮಾತಿದೆ. ಅದು ಅರ್ಧ ಸತ್ಯ. ನಾಲ್ಕೂವರೆ ದಶಕಗಳ ಈ ಚರಿತ್ರೆಯನ್ನು ತುಸು ಹತ್ತಿರದಿಂದ ನೋಡಿದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ: ಆಯಾ ಕಾಲದಲ್ಲಿ ಮಾರಾಟ ಯಾರ ಹಿಡಿತದಲ್ಲಿತ್ತೋ ಟ್ರೋಫಿ ಕೊಡುತ್ತಿದ್ದವರೂ ಅವರೇ.

ಟಾಕೀಸಿನವರ ಕಾಲ

1972ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ‘ಡೀಪ್ ಥ್ರೋಟ್’ ತೆರೆ ಕಂಡಿತು. ಜೆರಾರ್ಡ್ ಡಾಮಿಯಾನೊ ಅಗ್ಗದ ಖರ್ಚಿನಲ್ಲಿ ಫ್ಲೋರಿಡಾದಲ್ಲಿ ಚಿತ್ರೀಕರಿಸಿದ ಚಿತ್ರವದು. ಅಲ್ಲಿಯವರೆಗೆ ಇಂಥ ಚಿತ್ರಗಳನ್ನು ಗಂಡಸರು ಕಾಲರ್ ಎತ್ತಿಕೊಂಡು, ತಲೆ ತಗ್ಗಿಸಿ ಹೋಗಿ ನೋಡಿ ಬರುತ್ತಿದ್ದರು. ಇದಕ್ಕೆ ಮಾತ್ರ ಗಂಡ ಹೆಂಡತಿ ಜೊತೆಗೂಡಿ ಬಂದರು, ಸಿನಿಮಾ ನಟರು ಬಂದರು, ಪತ್ರಿಕೆಗಳು ಅದನ್ನೊಂದು ಫ್ಯಾಷನ್ ಎಂಬಂತೆ ಬಣ್ಣಿಸಿದವು. ವಾಟರ್‌ಗೇಟ್ ಹಗರಣದಲ್ಲಿ ಸುದ್ದಿ ಒದಗಿಸುತ್ತಿದ್ದ ಗುಪ್ತ ವ್ಯಕ್ತಿಗೆ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯವರು ಈ ಚಿತ್ರದ ಹೆಸರನ್ನೇ ಇಟ್ಟರೆಂದರೆ ಅದರ ಹವಾ ಎಷ್ಟಿತ್ತೆಂದು ಊಹಿಸಬಹುದು.

ಕಾನೂನು ಬೇಗನೇ ಬೆನ್ನು ಹತ್ತಿತು. 1973ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಜೋಯೆಲ್ ಟೈಲರ್ ಆ ಚಿತ್ರ ಅಶ್ಲೀಲವೆಂದು ತೀರ್ಪು ಕೊಟ್ಟರು. ಮೂರು ತಿಂಗಳ ನಂತರ ‘ಮಿಲ್ಲರ್ ವಿರುದ್ಧ ಕ್ಯಾಲಿಫೋರ್ನಿಯಾ’ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅಶ್ಲೀಲತೆಗೆ ಹೊಸ ಅಳತೆಗೋಲು ಕೊಟ್ಟಿತು. ಆಯಾ ಸಮುದಾಯದ ಜನ ಯಾವುದನ್ನು ಸಹಿಸುತ್ತಾರೆ ಎಂಬುದನ್ನು ನೋಡಬೇಕು. ಕೃತಿಗೆ ಸಾಹಿತ್ಯ, ಕಲೆ, ರಾಜಕೀಯ ಅಥವಾ ವಿಜ್ಞಾನದ ದೃಷ್ಟಿಯಿಂದ ಗಂಭೀರ ಮೌಲ್ಯವಿದ್ದರೆ ಅದನ್ನು ಅಶ್ಲೀಲವೆಂದು ತಳ್ಳಿಹಾಕುವಂತಿಲ್ಲ. ಒಂದೂರಿನಲ್ಲಿ ನಡೆಯುವ ಚಿತ್ರಕ್ಕೆ ಪಕ್ಕದೂರಿನಲ್ಲಿ ಜೈಲು ಎಂಬ ಸ್ಥಿತಿ ಬಂತು. ಜೊತೆಗೆ ‘ಕಲಾಮೌಲ್ಯ’ ಎಂಬುದು ವಕೀಲರು ವಾದಿಸಬಹುದಾದ ಅಂಶವೂ ಆಯಿತು.

ಈ ಹಿನ್ನೆಲೆಯಲ್ಲಿ ನಿಂತು ನೋಡಿದರೆ 1977ರ ಒಂದು ಘಟನೆ ಅರ್ಥವಾಗುತ್ತದೆ. ಅಡಲ್ಟ್ ಫಿಲ್ಮ್ ಅಸೋಸಿಯೇಷನ್ ಆಫ್ ಅಮೆರಿಕ ಎಂಬ ಸಂಘ 1969ರಿಂದಲೇ ಇತ್ತು. ಚಿತ್ರಮಂದಿರಗಳ ಮಾಲೀಕರು, ಹಂಚಿಕೆದಾರರು, ನಿರ್ಮಾಪಕರು ಕೋರ್ಟು ಕಚೇರಿಯ ಕಾಟ ತಡೆಯಲು ಕಟ್ಟಿಕೊಂಡಿದ್ದ ಸಂಘ. ಬಹುಕಾಲ ಅದರ ಅಧ್ಯಕ್ಷರಾಗಿದ್ದ ಡೇವಿಡ್ ಫ್ರೀಡ್‌ಮನ್ ಜಾತ್ರೆ, ಸರ್ಕಸ್ಸುಗಳ ಪ್ರಚಾರದ ಗರಡಿಯಲ್ಲಿ ಪಳಗಿದ ಮನುಷ್ಯ. ಇದೇ ಸಂಘ ಆ ವರ್ಷ ಲಾಸ್ ಏಂಜಲೀಸ್‌ನಲ್ಲಿ ‘ಎರಾಟಿಕ್ ಫಿಲ್ಮ್ ಅವಾರ್ಡ್ಸ್’ ಎಂಬ ಪ್ರಶಸ್ತಿ ಶುರುಮಾಡಿತು.

ಮೊದಲ ವರ್ಷ ಶ್ರೇಷ್ಠ ಚಿತ್ರವೆಂದು ಆಯ್ಕೆಯಾದದ್ದು ‘ದಿ ಓಪನಿಂಗ್ ಆಫ್ ಮಿಸ್ಟಿ ಬೀಥೋವನ್’. ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದ ಎಳೆ ಹಿಡಿದು ಹೆಣೆದ ಕಥೆ. ನ್ಯೂಯಾರ್ಕ್, ಪ್ಯಾರಿಸ್, ರೋಮ್‌ಗಳಲ್ಲಿ ಚಿತ್ರೀಕರಣ. ನಿರ್ದೇಶಕರ ಹೆಸರು ಹೆನ್ರಿ ಪ್ಯಾರಿಸ್ ಎಂದಿತ್ತು. ಆ ಹೆಸರಿನ ಹಿಂದಿದ್ದವರು ಯುರೋಪಿನ ಚಿತ್ರಗಳನ್ನು ಅಮೆರಿಕಕ್ಕೆ ತರುತ್ತಿದ್ದ, ಕ್ಯಾಮೆರಾ ಚೌಕಟ್ಟಿನ ಬಗ್ಗೆ ಬಲು ನಾಜೂಕಿನವರಾಗಿದ್ದ ರಾಡ್ಲಿ ಮೆಟ್ಜ್‌ಗರ್. ಸಂಘ ಈ ಚಿತ್ರವನ್ನು ಆರಿಸಿದ್ದು ಕಾಕತಾಳೀಯವೇನಲ್ಲ ಎನಿಸುತ್ತದೆ. ಷಾ ಅವರ ನೆರಳು, ಯುರೋಪಿನ ಹೊರಾಂಗಣ, ನಯವಾದ ಸಂಭಾಷಣೆ ಇವೆಲ್ಲ ಗಂಭೀರ ಮೌಲ್ಯ ಕೇಳುವ ನ್ಯಾಯಾಧೀಶರ ಮುಂದೆಯೂ, ಮರ್ಯಾದಸ್ಥ ಪ್ರೇಕ್ಷಕರ ಮುಂದೆಯೂ ಇಡಬಹುದಾದ ಸರಕು. ಟಾಕೀಸಿನವರಿಗೆ ಬೇಕಾಗಿದ್ದದ್ದೂ ಅದೇ.

ವಿಡಿಯೊ ಅಂಗಡಿಯ ಹುಡುಗ

ಟಾಕೀಸುಗಳ ಕಾಲ ಹೆಚ್ಚು ದಿನ ಬಾಳಲಿಲ್ಲ. ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ, ಅದರ ಬೆನ್ನಿಗೇ ವಿಎಚ್‌ಎಸ್ ಮಾರುಕಟ್ಟೆಗೆ ಬಂದವು. ಹಾಲಿವುಡ್ಡಿನ ದೊಡ್ಡ ಸ್ಟುಡಿಯೊಗಳು ಮನೆಯಲ್ಲಿ ಚಿತ್ರ ನೋಡುವ ಈ ಯಂತ್ರವನ್ನು ಅನುಮಾನದಿಂದ ನೋಡಿ ಕೋರ್ಟಿಗೆ ಹೋದವು. ನೀಲಿ ಚಿತ್ರದವರು ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ. ಬಾಗಿಲು ಹಾಕಿಕೊಂಡು, ಯಾರ ಕಣ್ಣಿಗೂ ಬೀಳದೆ ನೋಡಬಹುದಾದ ಕ್ಯಾಸೆಟ್ ಅವರ ಗಿರಾಕಿಗೆ ವರವಾಗಿತ್ತು. ಆರಂಭದ ವರ್ಷಗಳಲ್ಲಿ ಅಂಗಡಿಗಳಲ್ಲಿ ಮಾರಾಟವಾದ ಕ್ಯಾಸೆಟ್‌ಗಳ ಪೈಕಿ ದೊಡ್ಡ ಪಾಲು ಇಂಥವೇ. ಊರೂರಲ್ಲಿ ತಲೆ ಎತ್ತಿದ ಬಾಡಿಗೆ ಅಂಗಡಿಗಳ ಹಿಂಬದಿಯ ಕೋಣೆ ಇಡೀ ಅಂಗಡಿಯ ಬಾಡಿಗೆ ಕಟ್ಟುತ್ತಿತ್ತು.

ಫಿಲಡೆಲ್ಫಿಯಾದಲ್ಲಿ ಪಾಲ್ ಫಿಶ್‌ಬೈನ್ ಎಂಬ ಯುವಕ ಅಂಥದ್ದೊಂದು ಅಂಗಡಿಯಲ್ಲಿ ಕೆಲಸಕ್ಕಿದ್ದ. ಪತ್ರಿಕೋದ್ಯಮ ಓದಿದ್ದವ. ಕ್ಯಾಸೆಟ್‌ಗಳು ರಾಶಿರಾಶಿಯಾಗಿ ಬರುತ್ತಿದ್ದವು. ಹೊರಗಿನ ಡಬ್ಬಿಯ ಚಿತ್ರಕ್ಕೂ ಒಳಗಿನ ಸರಕಿಗೂ ಸಂಬಂಧವಿರುತ್ತಿರಲಿಲ್ಲ. ಯಾವುದು ದುಡ್ಡಿಗೆ ತಕ್ಕದ್ದು, ಯಾವುದು ಮೋಸ ಎಂದು ಹೇಳುವವರಿಲ್ಲ. ಪತ್ರಿಕೆಗಳ ಸಿನಿಮಾ ಪುಟ ಇವುಗಳನ್ನು ಮುಟ್ಟುತ್ತಿರಲಿಲ್ಲ. 1983ರಲ್ಲಿ ಫಿಶ್‌ಬೈನ್ ಇಬ್ಬರು ಗೆಳೆಯರ ಜೊತೆಗೂಡಿ ‘ಅಡಲ್ಟ್ ವಿಡಿಯೊ ನ್ಯೂಸ್’ ಎಂಬ ಸಣ್ಣ ಸುದ್ದಿಪತ್ರಿಕೆ ಆರಂಭಿಸಿದರು. ನೋಡುಗರಿಗೆಂದು ಹೊರಟ ಆ ಪತ್ರಿಕೆಯನ್ನು ಬಹುಬೇಗ ತಮ್ಮದಾಗಿಸಿಕೊಂಡವರು ಅಂಗಡಿಯವರು. ಈ ತಿಂಗಳು ಯಾವ ಕ್ಯಾಸೆಟ್ ತರಿಸಬೇಕು, ಎಷ್ಟು ತರಿಸಬೇಕು ಎಂಬ ಪ್ರಶ್ನೆಗೆ ಅವರಿಗೆ ಉತ್ತರ ಬೇಕಿತ್ತು.

ಮರುವರ್ಷ, 1984ರಲ್ಲಿ, ಎವಿಎನ್ ಪ್ರಶಸ್ತಿ ಆರಂಭವಾಯಿತು. ಅದೇ ಜನವರಿಯಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ ಬೀಟಾಮ್ಯಾಕ್ಸ್ ಪರ ತೀರ್ಪು ಕೊಟ್ಟು, ವಿಡಿಯೊ ಯಂತ್ರಕ್ಕೆ ಕಾನೂನಿನ ರಕ್ಷೆ ಸಿಕ್ಕಿತ್ತು. ವಿಮರ್ಶಕರು ಸೇರಿ ಕಟ್ಟಿದ ಎಕ್ಸ್‌ಆರ್‌ಸಿಒ ಎಂಬ ಇನ್ನೊಂದು ಬಳಗವೂ 1985ರ ಫೆಬ್ರವರಿ 14ರಂದು, ಪ್ರೇಮಿಗಳ ದಿನ ನೋಡಿಕೊಂಡು, ತನ್ನ ಮೊದಲ ಪ್ರಶಸ್ತಿ ಹಂಚಿತು. ಟಾಕೀಸಿನವರ ಸಂಘದ ಪ್ರಶಸ್ತಿ ಮಾತ್ರ ಆ ದಶಕ ದಾಟಲಿಲ್ಲ.

ಎವಿಎನ್‌ನ ವಿಭಾಗಗಳ ಪಟ್ಟಿ ಓದಿದರೆ ಅದು ಯಾರ ಪ್ರಶಸ್ತಿ ಎಂದು ಕೇಳಬೇಕಿಲ್ಲ. ಶ್ರೇಷ್ಠ ಚಿತ್ರ, ಶ್ರೇಷ್ಠ ನಟ, ಶ್ರೇಷ್ಠ ನಟಿಯರ ಜೊತೆಗೆ ಅತಿ ಹೆಚ್ಚು ಮಾರಾಟವಾದ ಕ್ಯಾಸೆಟ್, ಅತಿ ಹೆಚ್ಚು ಬಾಡಿಗೆಗೆ ಹೋದ ಕ್ಯಾಸೆಟ್, ಅಂದವಾದ ಡಬ್ಬಿ, ಒಳ್ಳೆಯ ಪ್ರಚಾರ ಎಂಬುವಕ್ಕೂ ಬಹುಮಾನ. ಫಿಲ್ಮಿನಲ್ಲಿ ತೆಗೆದದ್ದಕ್ಕೆ ಬೇರೆ, ವಿಡಿಯೊದಲ್ಲಿ ತೆಗೆದದ್ದಕ್ಕೆ ಬೇರೆ ಪ್ರಶಸ್ತಿ. ವಿಭಾಗಗಳ ಸಂಖ್ಯೆ ಬರಬರುತ್ತಾ ನೂರರ ಆಸುಪಾಸಿಗೆ ಮುಟ್ಟಿತು. ಗೆದ್ದ ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಪ್ರಶಸ್ತಿಯ ಹೆಸರು ಅಚ್ಚು ಹಾಕಿಸಿದರೆ ಅಂಗಡಿಯವರ ಆರ್ಡರು ಏರುತ್ತಿತ್ತು. ಪತ್ರಿಕೆಗೆ ಜಾಹೀರಾತು ಕೊಡುವವರು, ಅದರಲ್ಲಿ ವಿಮರ್ಶೆಗೆ ಒಳಗಾಗುವವರು, ಪ್ರಶಸ್ತಿ ಗೆಲ್ಲುವವರು ಎಲ್ಲ ಅದೇ ನಾಲ್ಕಾರು ಕಂಪನಿಗಳಲ್ಲವೇ ಎಂಬ ಕೊಂಕು ಅಂದಿನಿಂದಲೂ ಇದ್ದೇ ಇದೆ.

ವೇದಿಕೆ ಮೇಲೆ ಟ್ರೋಫಿ, ಸೆಟ್ಟಿನಲ್ಲಿ ಪೊಲೀಸ್

ಹೀಗೆ ಬಹುಮಾನ ಹಂಚುತ್ತಿದ್ದ ಹೊತ್ತಿನಲ್ಲೇ ಈ ಚಿತ್ರಗಳನ್ನು ತೆಗೆಯುವುದು ಅಪರಾಧವೋ ಅಲ್ಲವೋ ಎಂಬುದೇ ಇತ್ಯರ್ಥವಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ಪೊಲೀಸರು ಹೊಸ ಉಪಾಯ ಹೂಡಿದ್ದರು. ನಟನಟಿಯರಿಗೆ ಸಂಭಾವನೆ ಕೊಡುವುದು ವೇಶ್ಯಾವಾಟಿಕೆಗೆ ಜನ ಒದಗಿಸಿದಂತೆ ಎಂದು ವಾದಿಸಿ ನಿರ್ಮಾಪಕ ಹೆರಾಲ್ಡ್ ಫ್ರೀಮನ್ ಮೇಲೆ 1983ರಲ್ಲಿ ಮೊಕದ್ದಮೆ ಹಾಕಿದರು. ಶಿಕ್ಷೆಯೂ ಆಯಿತು. ಪರವಾನಗಿ ಕೇಳಿದರೆ ಸಿಕ್ಕಿಬೀಳುವ ಭಯದಿಂದ ಚಿತ್ರೀಕರಣಗಳೆಲ್ಲ ಕದ್ದುಮುಚ್ಚಿ ನಡೆಯುತ್ತಿದ್ದವು.

ವಾಷಿಂಗ್ಟನ್ನಿನಲ್ಲಿ ರೇಗನ್ ಸರ್ಕಾರದ ಅಟಾರ್ನಿ ಜನರಲ್ ಎಡ್ವಿನ್ ಮೀಸ್ ನೇಮಿಸಿದ ಆಯೋಗ 1986ರ ಜುಲೈನಲ್ಲಿ ವರದಿ ಕೊಟ್ಟಿತು: 1,960 ಪುಟ. ನ್ಯಾಯ ಇಲಾಖೆಯ ಸಭಾಂಗಣದಲ್ಲಿ ‘ನ್ಯಾಯದ ಚೇತನ’ ಎಂಬ ಸ್ತ್ರೀ ವಿಗ್ರಹವಿದೆ. ಅದರ ಒಂದು ಸ್ತನ ತೆರೆದಿದೆ. ಅಶ್ಲೀಲತೆಯ ವಿರುದ್ಧದ ವರದಿಯನ್ನು ಮೀಸ್ ಎತ್ತಿ ಹಿಡಿದಾಗ ಛಾಯಾಗ್ರಾಹಕರು ಆ ವಿಗ್ರಹವನ್ನೂ ಚೌಕಟ್ಟಿನೊಳಗೆ ತಂದರು. ಮರುದಿನ ದೇಶವೆಲ್ಲ ನಕ್ಕಿತು.

ಆದರೆ ಆಯೋಗದ ಮುಂದೆ ಬಂದ ಎಲ್ಲ ಸಾಕ್ಷ್ಯವೂ ನಗುವಂಥದ್ದಾಗಿರಲಿಲ್ಲ. ‘ಡೀಪ್ ಥ್ರೋಟ್’ ನಾಯಕಿ ಲಿಂಡಾ ಲವ್‌ಲೇಸ್ ತನ್ನ ನಿಜ ಹೆಸರು ಲಿಂಡಾ ಬೋರ್‌ಮನ್ ಎಂದೂ, ಗಂಡ ಹೊಡೆದು ಬಡಿದು, ಬಂದೂಕು ತೋರಿಸಿ ತನ್ನನ್ನು ಆ ಕೆಲಸಕ್ಕೆ ದೂಡಿದನೆಂದೂ 1980ರಲ್ಲೇ ಪುಸ್ತಕ ಬರೆದಿದ್ದರು. ಆಯೋಗದ ಮುಂದೆಯೂ ಅದನ್ನೇ ಹೇಳಿದರು. ಕೋಟಿಗಟ್ಟಲೆ ಬಾಚಿದ ಆ ಚಿತ್ರಕ್ಕೆ ಅವರ ಪಾಲಿಗೆಂದು ಬಂದದ್ದು 1,250 ಡಾಲರ್. ಅದನ್ನೂ ಗಂಡನೇ ಇಟ್ಟುಕೊಂಡ ಎಂಬುದು ಅವರ ಹೇಳಿಕೆ. ಅದೇ 1986ರಲ್ಲಿ ಉದ್ಯಮದ ಪ್ರಮುಖ ತಾರೆಯೊಬ್ಬಳು ಅಪ್ರಾಪ್ತ ವಯಸ್ಸಿನಲ್ಲೇ ಬಳಕೆಯಾಗಿದ್ದಳೆಂಬುದು ಬಯಲಾಗಿ, ದೇಶದ ಅಂಗಡಿಗಳಿಂದ ಆ ಕ್ಯಾಸೆಟ್‌ಗಳನ್ನೆಲ್ಲ ರಾತ್ರೋರಾತ್ರಿ ತೆಗೆಸಬೇಕಾಯಿತು. ಪ್ರತಿಯೊಬ್ಬ ನಟನಟಿಯ ವಯಸ್ಸಿನ ದಾಖಲೆ ಇಡಲೇಬೇಕೆಂಬ ಕಾಯ್ದೆ 1988ರಲ್ಲಿ ಬಂತು. ಮಗುವನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿದ್ದು ಕಾಣದೇ ಹೋದ ಉದ್ಯಮ ಅಂದವಾದ ಡಬ್ಬಿಗೆ ಬಹುಮಾನ ಕೊಡುತ್ತಿತ್ತು ಎಂಬುದನ್ನು ಈ ಚರಿತ್ರೆ ಬರೆಯುವವರು ಬಿಟ್ಟುಬಿಡುವಂತಿಲ್ಲ.

1988ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಫ್ರೀಮನ್ ಅವರ ಶಿಕ್ಷೆಯನ್ನು ರದ್ದು ಮಾಡಿತು. ಸಂಭಾವನೆ ಕೊಟ್ಟದ್ದು ನಟನೆಗೆ, ಅದು ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆಗೆ ಬರುತ್ತದೆ ಎಂಬುದು ತೀರ್ಪಿನ ತಿರುಳು. ಲಾಸ್ ಏಂಜಲೀಸ್‌ನ ಉತ್ತರಕ್ಕಿರುವ ಸ್ಯಾನ್ ಫರ್ನಾಂಡೊ ಕಣಿವೆ ಅಲ್ಲಿಂದ ಮುಂದೆ ಜಗತ್ತಿನ ನೀಲಿ ಚಿತ್ರಗಳ ರಾಜಧಾನಿಯಾಯಿತು. ಫಿಶ್‌ಬೈನ್ ಕೂಡ ಪತ್ರಿಕೆಯನ್ನು ಅಲ್ಲಿಗೇ ಒಯ್ದರು. ಉದ್ಯಮಕ್ಕೆ ಕಾನೂನಿನ ನೆಲೆ ಒದಗಿಸಿದ್ದು ಒಬ್ಬ ನಿರ್ಮಾಪಕನ ಐದು ವರ್ಷಗಳ ಕೋರ್ಟು ಅಲೆದಾಟವೇ ಹೊರತು ಯಾವ ಟ್ರೋಫಿಯೂ ಅಲ್ಲ.

ವೇಗಸ್‌ನ ಜನವರಿ

ಪ್ರತಿ ಜನವರಿಯಲ್ಲೂ ಲಾಸ್ ವೇಗಸ್‌ನಲ್ಲಿ ಟೀವಿ, ವಿಸಿಆರ್, ಸ್ಟೀರಿಯೊಗಳ ದೊಡ್ಡ ಮೇಳ ನಡೆಯುತ್ತಿತ್ತು. ವಿಡಿಯೊ ವ್ಯಾಪಾರಿಗಳೆಲ್ಲ ಅಲ್ಲಿಗೆ ಬರುತ್ತಿದ್ದುದರಿಂದ ನೀಲಿ ಚಿತ್ರದ ಕಂಪನಿಗಳೂ ಮಳಿಗೆ ಹಾಕುತ್ತಿದ್ದವು. ಮೇಳದವರಿಗೆ ಅವರ ಬಾಡಿಗೆ ಬೇಕು, ಮುಖ ಬೇಡ. ಹಾಗಾಗಿ ಅವರಿಗೆ ಮುಖ್ಯ ಸಭಾಂಗಣದಿಂದ ದೂರ ಸಹಾರಾ ಹೋಟೆಲಿನಲ್ಲಿ ಜಾಗ. ಎವಿಎನ್ ಪ್ರಶಸ್ತಿ ರಾತ್ರಿ ಈ ಮೇಳದ ಆಸರೆಯಲ್ಲೇ ಬೆಳೆಯಿತು. 1990ರ ದಶಕದ ಕೊನೆಗೆ ಕಂಪನಿಗಳು ಈ ತಾತ್ಸಾರಕ್ಕೆ ಬೇಸತ್ತವು. ಪತ್ರಿಕೆ ತನ್ನದೇ ಮೇಳವನ್ನು ಹೊರಡಿಸಿತು. ಹಗಲು ಮಳಿಗೆಗಳ ಮುಂದೆ ತಾರೆಯರ ಹಸ್ತಾಕ್ಷರಕ್ಕೆ ಸಾಲು, ಕೊನೆಯ ರಾತ್ರಿ ಪ್ರಶಸ್ತಿ ಎಂಬ ಪದ್ಧತಿ ಬೇರೂರಿತು.

ಫ್ರಾನ್ಸಿನವರು ಇನ್ನೂ ಒಂದು ಹೆಜ್ಜೆ ಮುಂದೆ. ‘ಹಾಟ್ ವಿಡಿಯೊ’ ಎಂಬ ಪತ್ರಿಕೆ 1992ರಿಂದ 2001ರವರೆಗೆ ‘ಹಾಟ್ ದೋರ್’ ಪ್ರಶಸ್ತಿಯನ್ನು ಕಾನ್ ಪಟ್ಟಣದಲ್ಲೇ, ಕಾನ್ ಚಿತ್ರೋತ್ಸವ ನಡೆಯುವ ದಿನಗಳಲ್ಲೇ ಕೊಡುತ್ತಿತ್ತು. ಅಲ್ಲಿಯೂ ಕೊಡುವವರು ವಿಡಿಯೊ ಪತ್ರಿಕೆಯವರೇ ಎಂಬುದನ್ನು ಗಮನಿಸಬೇಕು.

ವಾಲೇಸ್ ನೋಡಿದ್ದು ವಿಡಿಯೊ ಕಾಲದ ಭರ್ತಿ ಉಬ್ಬರವನ್ನು. ಹಿಂದಿನ ವರ್ಷವಷ್ಟೇ ‘ಬೂಗಿ ನೈಟ್ಸ್’ ಎಂಬ ಹಾಲಿವುಡ್ ಚಿತ್ರ ಈ ಜಗತ್ತನ್ನೇ ಕಥೆಯಾಗಿಸಿ ಗೆದ್ದಿತ್ತು. ವಾಲೇಸ್‌ಗೆ ಸಮಾರಂಭ ಬೇಸರ ತರಿಸಿತು. ಅದರ ಆಡಂಬರ, ಅದರ ಹುಸಿತನ ಎರಡನ್ನೂ ಅವರು ಹಿಂಜಿ ಬರೆದರು. ಆದರೆ ಅದೇ ಬರಹದಲ್ಲಿ ಲಾಸ್ ಏಂಜಲೀಸ್‌ನ ಒಬ್ಬ ಪೊಲೀಸ್ ಪತ್ತೇದಾರನ ಮಾತೂ ಬರುತ್ತದೆ. ಈ ಚಿತ್ರಗಳಲ್ಲಿ ಆತನನ್ನು ಹಿಡಿದಿಟ್ಟದ್ದು ಮುಖಗಳಂತೆ. ನಟಿಸುವುದು ಮರೆತುಹೋಗಿ ಒಂದು ಕ್ಷಣ ನಿಜವಾದ ಮನುಷ್ಯಮುಖ ಹೊಳೆದು ಮರೆಯಾಗುವ ಗಳಿಗೆಗಾಗಿ ಆತ ಕಾಯುತ್ತಿದ್ದನಂತೆ. ಆ ಗಳಿಗೆಗೆ ನೂರು ವಿಭಾಗಗಳಲ್ಲಿ ಒಂದೂ ಬಹುಮಾನವಿರಲಿಲ್ಲ.

ಅದೇ 1998ರಲ್ಲಿ ಕೆಲವು ನಟಿಯರಿಗೆ ಚಿತ್ರೀಕರಣದ ವೇಳೆ ಎಚ್‌ಐವಿ ಸೋಂಕು ತಗುಲಿದ ಸುದ್ದಿ ಉದ್ಯಮವನ್ನು ನಡುಗಿಸಿತು. ಹಿಂದೆ ತಾನೂ ನಟಿಯಾಗಿದ್ದ ಶರಾನ್ ಮಿಚೆಲ್ ‘ಎಐಎಂ’ ಎಂಬ ಚಿಕಿತ್ಸಾಲಯ ತೆರೆದು ತಿಂಗಳಿಗೊಮ್ಮೆ ರಕ್ತಪರೀಕ್ಷೆಯ ಪದ್ಧತಿ ತಂದರು. 2004ರಲ್ಲಿ ಮತ್ತೆ ಸೋಂಕು ಕಂಡಾಗ ಇಡೀ ಕಣಿವೆ ಚಿತ್ರೀಕರಣ ನಿಲ್ಲಿಸಿತು. ಕಾಂಡೋಮ್ ಕಡ್ಡಾಯ ಮಾಡುವ ಪ್ರಸ್ತಾವವನ್ನು ಲಾಸ್ ಏಂಜಲೀಸ್ ಕೌಂಟಿಯ ಮತದಾರರು 2012ರಲ್ಲಿ ಒಪ್ಪಿದರು. ಅಂಥದ್ದೇ ರಾಜ್ಯಮಟ್ಟದ ಪ್ರಸ್ತಾವವನ್ನು ಕ್ಯಾಲಿಫೋರ್ನಿಯಾ 2016ರಲ್ಲಿ ತಿರಸ್ಕರಿಸಿತು.

ಕಡಲ್ಗಳ್ಳರು ಮತ್ತು ಕಳ್ಳರು

2006ರ ಜನವರಿಯಲ್ಲಿ ‘ಪೈರೇಟ್ಸ್’ ಎಂಬ ಕಡಲ್ಗಳ್ಳರ ಚಿತ್ರ ಒಂದೇ ರಾತ್ರಿ 11 ಎವಿಎನ್ ಪ್ರಶಸ್ತಿ ಬಾಚಿತು. ಹತ್ತು ಲಕ್ಷ ಡಾಲರ್ ಮೀರಿದ ಬಂಡವಾಳ, ಹಡಗು, ಕತ್ತಿವರಸೆ, ಗ್ರಾಫಿಕ್ಸ್. ಡಿವಿಡಿ ಕಾಲದ ಅತಿ ದೊಡ್ಡ ಜಂಬ. ಡಿಜಿಟಲ್ ಪ್ಲೇಗ್ರೌಂಡ್ ಕಂಪನಿ ಇನ್ನೊಂದು ಸಂಸ್ಥೆಯ ಜೊತೆಗೂಡಿ ತೆಗೆದ ಚಿತ್ರವದು. 2008ರ ಹೊತ್ತಿಗೆ ಶೋಟೈಮ್ ಎಂಬ ಕೇಬಲ್ ವಾಹಿನಿ ಸಮಾರಂಭವನ್ನು ಸಂಕಲಿಸಿ ಪ್ರಸಾರ ಮಾಡತೊಡಗಿತು. ಬಯಸಿದ ಮರ್ಯಾದೆ ಕೊನೆಗೂ ಸಿಕ್ಕಿತೆಂದು ಉದ್ಯಮ ಬೀಗುವ ಹೊತ್ತಿಗೆ ಬುಡವೇ ಕುಸಿಯುತ್ತಿತ್ತು.

‘ಪೈರೇಟ್ಸ್’ ಗೆದ್ದ ಅದೇ 2006ರಲ್ಲಿ ಯೂಪೋರ್ನ್, ಮರುವರ್ಷ ಮಾಂಟ್ರಿಯಲ್‌ನಲ್ಲಿ ಪೋರ್ನ್‌ಹಬ್ ತಲೆಯೆತ್ತಿದವು. ಯಾರದೋ ಚಿತ್ರದ ತುಣುಕನ್ನು ಯಾರೋ ಏರಿಸಿ, ಎಲ್ಲರೂ ಬಿಟ್ಟಿ ನೋಡುವ ತಾಣಗಳು. ದುಡ್ಡು ಕೊಟ್ಟು ಡಿವಿಡಿ ಕೊಳ್ಳುವವರು ಯಾರು? ಆರ್ಥಿಕ ಕುಸಿತವೂ ಜೊತೆಗೂಡಿತು. 2009ರ ಆರಂಭದಲ್ಲಿ ‘ಹಸ್ಲರ್’ ಪತ್ರಿಕೆಯ ಲ್ಯಾರಿ ಫ್ಲಿಂಟ್ ತಮ್ಮ ಉದ್ಯಮಕ್ಕೂ 500 ಕೋಟಿ ಡಾಲರ್ ನೆರವು ಬೇಕೆಂದು ಅಮೆರಿಕದ ಸಂಸತ್ತನ್ನು ಕೇಳಿದರು. ಬ್ಯಾಂಕುಗಳಿಗೆ, ಕಾರು ಕಂಪನಿಗಳಿಗೆ ಕೊಟ್ಟಿರಿ, ನಮಗೇಕಿಲ್ಲ ಎಂಬ ಚೇಷ್ಟೆ ಅದರಲ್ಲಿತ್ತು. ಆದರೆ ಗಾಯ ನಿಜದ್ದೇ. 2010ರಲ್ಲಿ ಫಿಶ್‌ಬೈನ್ ಪತ್ರಿಕೆ ಮಾರಿಬಿಟ್ಟರು. 2012ರಲ್ಲಿ ‘ಪೈರೇಟ್ಸ್’ ತೆಗೆದ ಡಿಜಿಟಲ್ ಪ್ಲೇಗ್ರೌಂಡ್ ಕಂಪನಿಯನ್ನು ಪೋರ್ನ್‌ಹಬ್‌ನ ಒಡೆಯರೇ ಕೊಂಡುಕೊಂಡರು. ಅದೇ ವರ್ಷ ಎವಿಎನ್ ಮೇಳ ದೊಡ್ಡ ಸಭಾಂಗಣ ಬಿಟ್ಟು ಹಾರ್ಡ್ ರಾಕ್ ಹೋಟೆಲಿಗೆ ಸರಿಯಿತು.

ಮಾರಾಟದ ಕೀಲಿ ಕೈ ಬದಲಾಯಿಸಿತ್ತು. ಟ್ರೋಫಿಯೂ ಹಿಂಬಾಲಿಸಿತು. 2018ರ ಸೆಪ್ಟೆಂಬರ್‌ನಲ್ಲಿ ಪೋರ್ನ್‌ಹಬ್ ಲಾಸ್ ಏಂಜಲೀಸ್‌ನಲ್ಲಿ ತನ್ನದೇ ಪ್ರಶಸ್ತಿ ಸಮಾರಂಭ ನಡೆಸಿತು. ಅದರ ಸೃಜನಾತ್ಮಕ ನಿರ್ದೇಶನದ ಹೊಣೆ ಹೊತ್ತವರು ಹಾಡುಗಾರ ಕಾನ್ಯೆ ವೆಸ್ಟ್. ಎವಿಎನ್ ಕೂಡ ಅಭಿಮಾನಿಗಳ ಮತದಿಂದ ಆರಿಸುವ ವಿಭಾಗಗಳನ್ನು ಸೇರಿಸಿತು. ಕಂಪನಿಗಳ ಹೆಸರು ಹಿಂದೆ ಸರಿದು ಕಲಾವಿದೆಯ ಹೆಸರೇ ಸರಕಾಯಿತು. ಆಸ್ಟ್ರೇಲಿಯಾದ ಏಂಜೆಲಾ ವೈಟ್ ವರ್ಷದ ನಟಿ ಪ್ರಶಸ್ತಿಯನ್ನು 2018ರಿಂದ ಸತತ ಮೂರು ಬಾರಿ ಗೆದ್ದರು. 2019ರ ಜನವರಿಯ ವೇದಿಕೆಯಲ್ಲಿ ಹಾಡಿದವರು ಆಗ ಜನಪ್ರಿಯತೆಯ ತುದಿಯಲ್ಲಿದ್ದ ರ‍್ಯಾಪ್ ಗಾಯಕಿ ಕಾರ್ಡಿ ಬಿ.

ಈ ಕಥೆಯ ಒಂದು ಎಳೆ ಬೆಂಗಳೂರಿಗೂ ಬರುತ್ತದೆ. ಕೆನಡಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಈ ವೃತ್ತಿ ಮಾಡಿ, 2011ರ ‘ಬಿಗ್ ಬಾಸ್’ ಮೂಲಕ ಭಾರತಕ್ಕೆ ಬಂದ ಸನ್ನಿ ಲಿಯೋನ್ ಕನ್ನಡ ಚಿತ್ರದ ಹಾಡಿಗೂ ಹೆಜ್ಜೆ ಹಾಕಿದವರು. 2017ರ ಡಿಸೆಂಬರ್‌ನಲ್ಲಿ ಹೊಸ ವರ್ಷದ ಮುನ್ನಾ ರಾತ್ರಿ ಬೆಂಗಳೂರಿನಲ್ಲಿ ಅವರ ಕಾರ್ಯಕ್ರಮ ನಿಗದಿಯಾದಾಗ ಕನ್ನಡ ಸಂಘಟನೆಯೊಂದು ಬೀದಿಗಿಳಿಯಿತು. ಸರ್ಕಾರ ಅನುಮತಿ ನಿರಾಕರಿಸಿತು. ಎವಿಎನ್ ಅವರನ್ನು ತನ್ನ ಗಣ್ಯರ ಪಟ್ಟಿಗೆ ಸೇರಿಸಿದ್ದು 2018ರ ಸಾಲಿನಲ್ಲಿ. ಒಂದೇ ಚಳಿಗಾಲದಲ್ಲಿ ಒಂದೂರಿನಲ್ಲಿ ಬಹಿಷ್ಕಾರ, ಇನ್ನೊಂದೂರಿನಲ್ಲಿ ಸನ್ಮಾನ. ಎರಡಕ್ಕೂ ಕಾರಣ ಅವರು ಬಿಟ್ಟು ಬಂದಿದ್ದ ಹಳೆಯ ವೃತ್ತಿಯೇ.

2021ರ ಎವಿಎನ್ ಸಮಾರಂಭ ಕೋವಿಡ್‌ನಿಂದಾಗಿ ಆನ್‌ಲೈನ್‌ನಲ್ಲಿ ನಡೆಯಿತು. ಅಷ್ಟು ಹೊತ್ತಿಗೆ ಉದ್ಯಮ ಮತ್ತೊಮ್ಮೆ ಮಗ್ಗುಲು ಬದಲಿಸಿತ್ತು. 2016ರಲ್ಲಿ ಆರಂಭವಾದ ಓನ್ಲಿಫ್ಯಾನ್ಸ್‌ನಲ್ಲಿ ಕಲಾವಿದೆಯೇ ಅಂಗಡಿ ತೆರೆಯುತ್ತಾಳೆ, ಗಿರಾಕಿ ನೇರ ಚಂದಾ ಕಟ್ಟುತ್ತಾನೆ, ತಾಣ ನೂರಕ್ಕೆ ಇಪ್ಪತ್ತು ಮುರಿದುಕೊಳ್ಳುತ್ತದೆ. ಲಿಂಡಾ ಬೋರ್‌ಮನ್ ಅವರ 1,250 ಡಾಲರ್ ನೆನೆದರೆ ಇದು ಸಣ್ಣ ಬದಲಾವಣೆಯಲ್ಲ. ಹಾಗಾದರೆ ಕೀಲಿ ಕೊನೆಗೂ ಕಲಾವಿದರ ಕೈ ಸೇರಿತೇ?

ಇಲ್ಲ ಎನ್ನಲು ಎರಡು ಘಟನೆ ಸಾಕು. 2020ರ ಡಿಸೆಂಬರ್‌ನಲ್ಲಿ, ಅಪ್ರಾಪ್ತರ ಮತ್ತು ಅತ್ಯಾಚಾರದ ವಿಡಿಯೊಗಳು ಪೋರ್ನ್‌ಹಬ್‌ನಲ್ಲಿವೆ ಎಂದು ‘ನ್ಯೂಯಾರ್ಕ್ ಟೈಮ್ಸ್’ ಬರೆದ ಮೇಲೆ, ವೀಸಾ ಮತ್ತು ಮಾಸ್ಟರ್‌ಕಾರ್ಡ್ ಅದರ ಜೊತೆಗಿನ ವ್ಯವಹಾರ ನಿಲ್ಲಿಸಿದವು. ದಿನಗಳೊಳಗೆ ಆ ತಾಣ ತನ್ನ ಲಕ್ಷಾಂತರ ವಿಡಿಯೊಗಳನ್ನು ಅಳಿಸಿತು. ಮೀಸ್ ಆಯೋಗದ 1,960 ಪುಟಗಳಿಂದ ಆಗದ ಕೆಲಸವನ್ನು ಎರಡು ಕಾರ್ಡ್ ಕಂಪನಿಗಳು ಮಾಡಿ ಮುಗಿಸಿದ್ದವು. 2021ರ ಆಗಸ್ಟ್‌ನಲ್ಲಿ ಓನ್ಲಿಫ್ಯಾನ್ಸ್ ಕೂಡ ಬ್ಯಾಂಕುಗಳ ಒತ್ತಡವೆಂದು ಹೇಳಿ ನೀಲಿ ಸರಕನ್ನು ನಿಷೇಧಿಸುವುದಾಗಿ ಪ್ರಕಟಿಸಿತು; ಒಂದೇ ವಾರದಲ್ಲಿ ಹಿಂದೆ ಸರಿಯಿತು. ಆ ಒಂದು ವಾರ ಲಕ್ಷಾಂತರ ಜನರ ಅನ್ನ ಯಾರ ಕೈಯಲ್ಲಿದೆ ಎಂಬುದನ್ನು ಎತ್ತಿ ತೋರಿಸಿತು.

ಟಾಕೀಸಿನವರು, ವಿಡಿಯೊ ಅಂಗಡಿಯವರ ಪತ್ರಿಕೆ, ಬಿಟ್ಟಿ ತಾಣದವರು ಹೀಗೆ ಬಾಗಿಲು ಕಾದವರೆಲ್ಲ ತಂತಮ್ಮ ಸರದಿಯಲ್ಲಿ ಟ್ರೋಫಿ ಕೊಟ್ಟರು. ಈಗ ಬಾಗಿಲಲ್ಲಿ ನಿಂತಿರುವ ಕಾರ್ಡ್ ಕಂಪನಿಗಳು ಮಾತ್ರ ಯಾರಿಗೂ ಟ್ರೋಫಿ ಕೊಡುವುದಿಲ್ಲ, ವೇಗಸ್‌ನ ವೇದಿಕೆಗೂ ಬರುವುದಿಲ್ಲ. ಈ ಉದ್ಯಮದ ಜೊತೆ ತಮ್ಮ ಹೆಸರು ಕೇಳಿಬರುವುದೇ ಅವಕ್ಕೆ ಬೇಡ. ಹಾಗಾಗಿ ನಾಲ್ಕೂವರೆ ದಶಕದಲ್ಲಿ ಮೊದಲ ಬಾರಿಗೆ, ಯಾರು ಗೆದ್ದರು ಎಂಬ ಪಟ್ಟಿಯನ್ನು ನೋಡಿ ಈ ವ್ಯಾಪಾರದ ಯಜಮಾನರು ಯಾರೆಂದು ಹೇಳಲು ಬರುವುದಿಲ್ಲ.